ಸಿಪ್ಪೆಯ ಸಂಸ್ಕಾರ

ಕಿತ್ತಳೆಯನ್ನು ಸುಲಿದು ತಿಂದಮೇಲೆ ಸಿಪ್ಪೆಯನ್ನೇನು ಮಾಡಬೇಕೆಂಬುದು ಧರ್ಮಜಿಜ್ಞಾಸೆಗೆ ವಿಷಯವಾಗಬಲ್ಲುದೆಂದರೆ ವಾಚಕರು ನಕ್ಕಾರು. ನಮ್ಮ ಮನೆಗಳಲ್ಲಿ ಅದಕ್ಕೆ ಹುಣಿಸೆ ಬೆಲ್ಲಗಳನ್ನು ಕೂಡಿಸಿ ಗೊಜ್ಜು ಮಾಡುವುದು ರೂಢಿ. ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ ಬೇರೊಂದು ರೂಢಿಯೂ ಉಂಟು. 1880ರ ದಶಕದಿಂದ ಇಲ್ಲಿ ಗಣಿಗಳನ್ನು ನಡೆಸಿದ ಆಂಗ್ಲರೊಡನೆ ಕ್ರಿಸ್ಮಸ್ ಕೇಕು ಬಂದಿತು. ಕೇಕಿನೊಡನೆ ಸಕ್ಕರೆಯಲ್ಲಿ ಪಕ್ವವಾದ ಸಿಪ್ಪೆಯೂ ಕೋರಮಂಡಲ್, ಚಾಂಪಿಯನ್ ರೀಫ್ ಕಡೆಯ ಅಡಿಗೆಮನೆಗಳನ್ನು ಹೊಕ್ಕಿತು.

ಅದರ ಕ್ರಮವಿದು. ಸಿಪ್ಪೆಯನ್ನು ಉದ್ದುದ್ದವಾಗಿ ಸೀಳಿ, ತಣ್ಣೀರಿನಲ್ಲಿಟ್ಟು ಕುದಿಸಿ, ಆ ನೀರನ್ನು ಚೆಲ್ಲುವರು. ಮತ್ತೆ ಹೊಸ ನೀರು, ಮತ್ತೆ ಕುದಿ. ಆಮೇಲೆ ತೆಳುವಾದ ಸಕ್ಕರೆಪಾಕದಲ್ಲಿ ಸಣ್ಣ ಉರಿಯ ಮೇಲೆ, ಸಿಪ್ಪೆಯು ಗಾಜಿನಂತೆ ಹೊಳೆಯುವವರೆಗೂ ಬೇಯಿಸಿ, ತೆಗೆದು ಆರಿಸುವರು.

ಇದನ್ನು ಮಿತವ್ಯಯವೆಂದು ಹೊಗಳುವವರುಂಟು. ನನಗೆ ಅದು ಸಮ್ಮತವಲ್ಲ. ಸಿಪ್ಪೆಯ ತೂಕದಷ್ಟು ಸಕ್ಕರೆ, ಅರ್ಧ ಹಗಲಿನ ಉರಿ, ಗೃಹಿಣಿಯ ಬೆವರು ಇವುಗಳ ಲೆಕ್ಕವನ್ನು ಬರೆದರೆ ಉಳಿತಾಯವೆಲ್ಲಿ? ಇದು ಸಂಸ್ಕಾರ. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರಾಚಾರ್ಯರು ಸಂಸ್ಕಾರವು ಎರಡು ಬಗೆಯೆಂದು ಹೇಳಿರುವರು: ಗುಣವನ್ನು ಸೇರಿಸುವುದು, ದೋಷವನ್ನು ಕಳೆಯುವುದು. ಪಾಕವು ಮೊದಲನೆಯದು, ಕುದಿತವು ಎರಡನೆಯದು.

ಆದರೆ ಕಹಿಯು ದೋಷವೆಂದು ಹೇಳಿದವರಾರು? ಸುಶ್ರುತಸಂಹಿತೆಯು ಮಾದಲದ ಸಿಪ್ಪೆಯನ್ನು ಕಹಿಯೆಂದೂ ಜೀರ್ಣವಾಗದೆಂದೂ ಹೇಳಿ, ಅದೇ ಉಸಿರಿನಲ್ಲಿ ವಾತ, ಕೃಮಿ, ಕಫಗಳನ್ನು ಕಳೆವುದೆಂದೂ ಹೇಳುತ್ತದೆ. ಐದಾರು ಸಲ ಕುದಿಸಿದರೆ ಕಹಿಯೆಲ್ಲವೂ ಹೋಗುವುದು ನಿಜ. ಹೊರದೊಗಲಿನ ಎಣ್ಣೆಯ ಪರಿಮಳವೂ ಹಬೆಯೊಡನೆ ಹೋಗುವುದು. ಉಳಿಯುವುದು ಸಿಹಿಯಾದ ತೊಗಲು. ಕಿತ್ತಳೆಯೆಂಬ ಹೆಸರಿಗೆ ಆಗ ಆಧಾರವೇನು?

ಗುಣವನ್ನು ಸೇರಿಸುವುದರಲ್ಲಿಯೂ ಆತುರ ಸಲ್ಲದು. ಮೊದಲೇ ಗಟ್ಟಿಪಾಕಕ್ಕೆ ಹಾಕಿದರೆ, ಸಕ್ಕರೆಯು ಒಳಹೋಗುವ ಮುನ್ನವೇ ಸಿಪ್ಪೆಯ ನೀರನ್ನು ಹೊರಗೆಳೆದುಬಿಡುವುದು. ಸಿಪ್ಪೆ ಮುದುಡಿ ಕಲ್ಲಾಗುವುದು. ತರಗತಿಯಲ್ಲಿ ಇಂಥ ಹುಡುಗರನ್ನು ನಾನು ಬಹಳ ಕಂಡಿದ್ದೇನೆ. ಬೋಧೆಯ ಗಟ್ಟಿಪಾಕದಲ್ಲಿ ಅದ್ದಲ್ಪಟ್ಟು ಒಳಗೇನೂ ಇಳಿಯದವರು.

ಗಣಿಯ ಶಾಸ್ತ್ರದಲ್ಲಾದರೋ ಒಂದೇ ಸಂಸ್ಕಾರ. ಒಂದು ಟನ್ ಕಲ್ಲನ್ನು ಪುಡಿಮಾಡಿದರೆ ಕೆಲವೇ ಗ್ರಾಂ ಚಿನ್ನ, ಮಿಕ್ಕದ್ದೆಲ್ಲವೂ ದೋಷ. ಆ ದೋಷವೇ ರಾಶಿಯಾಗಿ ಸೈನೈಡ್ ದಿಬ್ಬಗಳೆನಿಸಿ ನಿಂತಿದೆ. ಗಾಳಿ ಬೀಸಿದರೆ ಅದರ ಧೂಳು ಮನೆಗಳೊಳಕ್ಕೆ ಬರುವುದು. 2001ನೆಯ ಫೆಬ್ರವರಿ 28ರಂದು ಗಣಿಯು ಮುಚ್ಚಿದಾಗ, ಮೂರು ಕಿಲೋಮೀಟರಿಗೂ ಮಿಕ್ಕ ಆಳದವರೆಗೆ ಇಳಿದು ಬಂಡೆಯೊಡೆದ ಕೌಶಲವೂ ಒಂದೇ ದಿನದಲ್ಲಿ ಮಿಕ್ಕದ್ದರ ಪಟ್ಟಿಗೆ ಸೇರಿತು. ಆ ಮನೆಗಳ ಮಕ್ಕಳು ಎಷ್ಟೋ ಮಂದಿ ನಸುಕಿನಲ್ಲಿ ಮಾರಿಕುಪ್ಪಂ ರೈಲನ್ನು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಹೋಗುತ್ತಾರೆ.

ಚಿನ್ನ ಬೇಕಾದವನಿಗೆ ಕಲ್ಲೇಕೆ ಎಂದು ಕೇಳಬಹುದು. ಕೇಳತಕ್ಕದ್ದೇ. ಪ್ರಯೋಜನವನ್ನು ನೋಡಿಯೇ ದೋಷವನ್ನು ನಿರ್ಣಯಿಸುವುದು ಲೋಕರೂಢಿ. ಆದರೆ ಯಾರ ಪ್ರಯೋಜನವೆಂಬುದನ್ನು ಕುದಿಯುವ ಪಾತ್ರೆಯೊಳಗಿನ ಸಿಪ್ಪೆಯು ಕೇಳಲಾರದು. ಪಾತ್ರೆಯ ಬಳಿ ನಿಂತವರು ಅದಕ್ಕಾಗಿ ಕೇಳಿಕೊಳ್ಳಬೇಕು.

ಮಾಡಿನೋಡುವವರಿಗೆ ಒಂದು ಮಾತು: ತೆಳುಸಿಪ್ಪೆಯ ಕಿತ್ತಳೆಗೆ ಎರಡು ಕುದಿ ಸಾಕು. ಚಕ್ಕೋತದ ದಪ್ಪ ಸಿಪ್ಪೆಗೆ ಮೂರು ಬೇಕಾದೀತು. ಎರಡನೆಯದಾದ ಮೇಲೆ ಒಂದು ಚೂರನ್ನು ನಾಲಿಗೆಯ ಮೇಲಿಟ್ಟು ನೋಡಿ, ಆಮೇಲೆ ನೀರನ್ನು ಚೆಲ್ಲಿರಿ.