ಹಳೆಯ ಕಾರಿಗೆ ಹೊಸ ಪ್ಲಗ್ ಬೇಕೇ?



ಹಳೆಯ ಕಾರಿನ ಸ್ಪಾರ್ಕ್ ಪ್ಲಗ್ ಬದಲಿಸಬೇಕೇ ಬೇಡವೇ ಎಂಬುದು ಮೆಕ್ಯಾನಿಕ್ ಹೇಳಬೇಕಾದ ಮಾತು, ಇದರಲ್ಲಿ ನೀತಿಯ ಪ್ರಶ್ನೆ ಏನಿದೆ ಎಂದು ನೀವು ಕೇಳಬಹುದು. ಆದರೆ ನಮ್ಮ ತಾಳವಾಡಿ ಸೀಮೆಯಲ್ಲಿ ಹಳೆಯ ಮಾರುತಿ ಓಮ್ನಿ ಇಟ್ಟುಕೊಂಡವರ ಮುಂದೆ ಈ ಮಾತು ಎತ್ತಿದರೆ ಸಾಮಾನ್ಯವಾಗಿ ಬರುವ ಉತ್ತರ ಇದು: “ಇನ್ನೆಷ್ಟ್ ದಿನ ಓಡದು ಬುಡಿ, ಇದ್ಕ್ಯಾಕ ದುಡ್ಡು ಸುರಿಯದು?” ಈ ಉತ್ತರ ಸರಿಯೇ ಎಂದು ನಾವು ಈ ಸಲ ಸ್ವಲ್ಪ ಯೋಚಿಸೋಣ.

ಮೊದಲು ಪ್ಲಗ್‌ನ ಕೆಲಸ ತಿಳಿದುಕೊಳ್ಳೋಣ. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಹತ್ತು ಸಾವಿರ ವೋಲ್ಟಿಗೂ ಮೇಲೆ ಏರಿಸುತ್ತದೆ. ಪ್ಲಗ್‌ನ ತುದಿಯಲ್ಲಿ ಸುಮಾರು 1 ಮಿಲಿಮೀಟರಿನ ಗ್ಯಾಪ್ ಇರುತ್ತದೆ. ವಿದ್ಯುತ್ತು ಅದನ್ನು ಹಾರುವಾಗ ಕಿಡಿ ಹುಟ್ಟಿ, ಗಾಳಿಯೊಡನೆ ಬೆರೆತ ಪೆಟ್ರೋಲಿಗೆ ಬೆಂಕಿ ತಗಲುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ ಸೆಕೆಂಡಿಗೆ 25 ಕಿಡಿ ಕೊಡಬೇಕು. ಅದೇ ಸುತ್ತಿನಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋದರೆ, 30,000 ಕಿ.ಮೀ. ಮುಗಿಯುವಷ್ಟರಲ್ಲಿ 5 ಕೋಟಿಗೂ ಹೆಚ್ಚು ಕಿಡಿಗಳಾಗುತ್ತವೆ. ಪ್ರತಿ ಕಿಡಿಯೂ ತುದಿಯ ಲೋಹವನ್ನು ಕಣ್ಣಿಗೆ ಕಾಣದಷ್ಟು ಸವೆಸುತ್ತದೆ. ಗ್ಯಾಪ್ ಹಿಗ್ಗುತ್ತದೆ, ಕಿಡಿ ತಪ್ಪುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುವುದು, ಮಿಸ್ಸಿಂಗ್ ಹೊಡೆಯುವುದು, ಏರಿನಲ್ಲಿ ಪಿಕಪ್ ಸಾಲದಿರುವುದು, ಮೈಲೇಜ್ ಇಳಿಯುವುದು ಇದರ ಲಕ್ಷಣಗಳು. ಸಾಧಾರಣ ನಿಕ್ಕಲ್ ಪ್ಲಗ್‌ಗಳನ್ನು 30ರಿಂದ 40 ಸಾವಿರ ಕಿ.ಮೀ.ಗೆ ಬದಲಿಸಬೇಕು ಎನ್ನುವುದು ಇದಕ್ಕಾಗಿಯೇ.

ಓಮ್ನಿಗೆ ಮೂರು ಸಿಲಿಂಡರ್, ಮೂರು ಪ್ಲಗ್. ಖರ್ಚು ಕೆಲವು ನೂರು ರೂಪಾಯಿ. ಆದರೂ ಕೈ ಹಿಂದೆ ಸರಿಯುತ್ತದೆ. ಯಾಕೆಂದರೆ ನಾವು ಆ ಖರ್ಚನ್ನು ಕಾರಿನ ಬೆಲೆಯ ಜೊತೆ ತೂಗುತ್ತೇವೆ. 2019ರಲ್ಲಿ ತಯಾರಿಕೆಯೇ ನಿಂತುಹೋದ ಗಾಡಿ, ಮಾರಿದರೆ ಎಷ್ಟು ಬಂದೀತು ಎಂದು ಲೆಕ್ಕ ಹಾಕುತ್ತೇವೆ.

ಈ ತಕ್ಕಡಿಯಲ್ಲಿ ಒಂದು ದೋಷವಿದೆ. ಗಾಡಿಯಲ್ಲಿ ಕೂರುವವರನ್ನು ಅದು ತೂಗುವುದೇ ಇಲ್ಲ. ಸತ್ಯಮಂಗಲದ ಆಸ್ಪತ್ರೆಗೆ ಹೋದವರು ವಾಪಸ್ ಬರುವಾಗ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಬೇಕು. ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡು. ಸಂಜೆಯ ಹೊತ್ತು ಆ ಏರಿನಲ್ಲಿ ಗಾಡಿ ಮಿಸ್ಸಿಂಗ್ ಹೊಡೆದು ನಿಂತರೆ, ಹಿಂದಿನ ಸೀಟಿನಲ್ಲಿ ತುಂಬು ಗರ್ಭಿಣಿಯೋ, ಜ್ವರದ ಮಗುವೋ ಇದ್ದರೆ? ಪ್ಲಗ್ ಬೇಡವೆಂದವರು ಒಬ್ಬರು, ಅದರ ಫಲ ಉಣ್ಣುವವರು ಇನ್ನೊಬ್ಬರು. ತನ್ನ ದುಡ್ಡು ಉಳಿಸಿಕೊಳ್ಳಲು ಬೇರೆಯವರನ್ನು ಅವರಿಗೆ ತಿಳಿಯದಂತೆ ಅಪಾಯಕ್ಕೆ ಒಡ್ಡುವುದನ್ನು ಮಿತವ್ಯಯ ಎನ್ನಲಾಗದು. ಪ್ಲಗ್ ವಿಷಯ ನೀತಿಯ ಪ್ರಶ್ನೆಯಾಗುವುದು ಇಲ್ಲಿಯೇ.

ಹಾಗಾದರೆ ಕಣ್ಣುಮುಚ್ಚಿ ಬದಲಿಸಿಬಿಟ್ಟರೆ ಆಯಿತೇ? ಅದೂ ಸಾಲದು. ಪ್ಲಗ್ ಬಿಚ್ಚಿ ನೋಡಿದರೆ ಅದು ಎಂಜಿನ್ನಿನ ಒಳಗಿನ ಸಂಗತಿ ಹೇಳುತ್ತದೆ. ತುದಿ ತಿಳಿಕಂದು ಅಥವಾ ಬೂದು ಬಣ್ಣವಿದ್ದರೆ ಎಂಜಿನ್ ನೆಟ್ಟಗಿದೆ. ಒಣಗಿದ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿರಬಹುದು, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಬೆಳ್ಳಗೆ ಗುಳ್ಳೆ ಎದ್ದಿದ್ದರೆ ಅತಿಯಾಗಿ ಕಾದಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ರಿಂಗೋ ವಾಲ್ವ್ ಸೀಲೋ ಸವೆದು ಎಂಜಿನ್ ಆಯಿಲ್ ಒಳಗೆ ಇಳಿಯುತ್ತಿದೆ. ಆಗ ಹೊಸ ಪ್ಲಗ್ ಕೆಲವು ದಿನ ಚೆನ್ನಾಗಿ ಕೆಲಸ ಮಾಡಿ ಮತ್ತೆ ಒದ್ದೆಯಾಗುತ್ತದೆ. ರೋಗ ಅಲ್ಲೇ ಉಳಿಯುತ್ತದೆ. ಇದು ಗೊತ್ತಿದ್ದೂ ಹೊಸ ಪ್ಲಗ್ ಹಾಕಿ, ಗಾಡಿ ನುಣ್ಣಗೆ ಓಡುವುದನ್ನು ತೋರಿಸಿ ಇನ್ನೊಬ್ಬರಿಗೆ ಮಾರುವುದು ಮೋಸವೇ. ಗೊತ್ತಿದ್ದೂ “ಪ್ಲಗ್ ಹಾಕಿಸಿದ್ದೇವಲ್ಲ” ಎಂದು ಮನೆಯವರನ್ನು ಅದರಲ್ಲಿ ಕೂರಿಸಿಕೊಂಡು ಘಾಟಿ ಹತ್ತಿಸುವುದೂ ಅದಕ್ಕೆ ಹತ್ತಿರದ್ದೇ.

ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದ ಮೇಲೆ, ಫಿಟ್‌ನೆಸ್ ಪರೀಕ್ಷೆಯಲ್ಲಿ ಗೆದ್ದರೆ ಮತ್ತೆ 5 ವರ್ಷಕ್ಕೆ ನವೀಕರಣವಾಗುತ್ತದೆ. ಕಾನೂನು ಕೂಡ ವಯಸ್ಸು ಕೇಳಿ ಅಲ್ಲಿಗೇ ಬಿಡುವುದಿಲ್ಲ, ಗಾಡಿ ನೋಡಿ ತೀರ್ಮಾನಿಸುತ್ತದೆ. ನಾವೂ ಹಾಗೇ ಮಾಡಬೇಕು. ಎಂಜಿನ್ ಗಟ್ಟಿಯಿದ್ದರೆ, ಎಷ್ಟೇ ಹಳೆಯದಾದರೂ ಪ್ಲಗ್ ಹಾಕಿಸಬೇಕು. ಎಂಜಿನ್ನೇ ಸೋತಿದ್ದರೆ ಒಂದೋ ಅದನ್ನು ರಿಪೇರಿ ಮಾಡಿಸಬೇಕು, ಇಲ್ಲವೇ “ಇನ್ನು ಸಾಕು” ಎಂದು ನಿಲ್ಲಿಸುವ ಧೈರ್ಯ ಬೇಕು.

ಇದನ್ನೇ ಹಿರಿಯರು ವಿವೇಕ ಎಂದರು. ಯುವಕರು ಗಣಿತದಲ್ಲಿ ಜಾಣರಾಗಬಹುದು, ಆದರೆ ವಿವೇಕ ಬರಲು ಅನುಭವ ಬೇಕು ಎಂಬ ಅರ್ಥದ ಮಾತನ್ನು ಅರಿಸ್ಟಾಟಲ್ ಹೇಳಿದ್ದಾನೆ. ಹಿರಿಯರಿಂದ ಕಲಿಯುವ ಮನಸ್ಸನ್ನು ಸಂತ ಥಾಮಸ್ ಅಕ್ವಿನಾಸರು ವಿವೇಕದ ಒಂದು ಅಂಗವೆಂದೇ ಎಣಿಸಿದ್ದಾರೆ. ವಿಜ್ಞಾನ ಓದಿದ ನಮ್ಮಂಥ ಯುವಕರು ಕಿಡಿಗಳ ಲೆಕ್ಕ ಹಾಕಬಲ್ಲೆವು. ಪ್ಲಗ್‌ನ ಬಣ್ಣ ಓದಲು ಮಾತ್ರ ವರ್ಷಗಟ್ಟಲೆ ಕೈ ಮಸಿ ಮಾಡಿಕೊಂಡ ಮೇಸ್ತ್ರಿಯ ಪಕ್ಕ ನಿಲ್ಲಬೇಕು.

ಕೊನೆಗೊಂದು ಮಾತು. ಕಾರಿನ ಬಗ್ಗೆ ನಾವಾಡುವ ಮಾತನ್ನು ಮನೆಯ ಹಿರಿಯರು ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ. ಕಣ್ಣಿನ ಪೊರೆ ತೆಗೆಸೋಣ ಎಂದರೆ ಎಷ್ಟೋ ಅಜ್ಜಿಯರು ಅದೇ ಮಾತನ್ನು ತಮ್ಮ ಮೇಲೆ ಹೇಳಿಕೊಳ್ಳುತ್ತಾರೆ: “ನನ್ಗ್ಯಾಕಪ್ಪ ಆಪರೇಸನ್ನು, ಇನ್ನೆಷ್ಟ್ ದಿನ ಇದ್ದೇನು?” ಕಾರಿನ ವಿಷಯದಲ್ಲಿ “ಇನ್ನು ಸಾಕು” ಎನ್ನುವ ದಿನ ನ್ಯಾಯವಾಗಿಯೇ ಬರಬಹುದು, ಏಕೆಂದರೆ ಕಾರು ಇರುವುದು ನಮ್ಮ ಉಪಯೋಗಕ್ಕೆ. ಅಜ್ಜಿ ಯಾರ ಉಪಯೋಗಕ್ಕೂ ಇರುವವರಲ್ಲ. ಅವರಿಗೆ ಇನ್ನು ಒಂದೇ ವರ್ಷ ಇದ್ದರೂ, ಆ ವರ್ಷ ಮೊಮ್ಮಕ್ಕಳ ಮುಖ ಸ್ಪಷ್ಟವಾಗಿ ಕಾಣುವುದು ಅವರಿಗೆ ಸಲ್ಲಬೇಕಾದದ್ದು. ಆದ್ದರಿಂದ ಈ ತಿಂಗಳು ಗಾಡಿಯ ಪ್ಲಗ್ ಬಿಚ್ಚಿಸಿ ನೋಡಿ. ಅಜ್ಜಿಯನ್ನೂ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎರಡಕ್ಕೂ ಒಂದೇ ತಕ್ಕಡಿ ಬಳಸದಿರೋಣ.

– ಧರ್ಮಕೇಂದ್ರದ ಯುವಜನ ಸಂಯೋಜಕರು