ವಿಶ್ರಾಂತಿಯೂ ಆಲಸ್ಯವೂ

ದೂರದ ಓಟವನ್ನು ಅಭ್ಯಾಸಮಾಡುವವರಲ್ಲಿ ಒಂದು ವಿಚಿತ್ರವಾದ ಅನುಭವವುಂಟು. ತಿಂಗಳುಗಟ್ಟಲೆ ದೇಹವನ್ನು ದಂಡಿಸಿದ ಮೇಲೆ, ಸ್ಪರ್ಧೆಗೆ ಎರಡು ಮೂರು ವಾರಗಳಿರುವಾಗ, ಅವರು ಓಟದ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸುತ್ತಾರೆ. ಮೈ ಹಗುರಾಗಬೇಕಾದ ಈ ಕಾಲದಲ್ಲಿಯೇ ಅನೇಕರಿಗೆ ಕಾಲು ಕಲ್ಲಿನಂತಾಗುತ್ತದೆ. ಮನಸ್ಸಿಗೆ ಮಂಕು ಕವಿಯುತ್ತದೆ. ಗಳಿಸಿದುದೆಲ್ಲವೂ ಕೈಬಿಟ್ಟುಹೋಯಿತೆಂದು ಹೆದರಿ ಕೆಲವರು ಕದ್ದು ಓಡುವುದೂ ಉಂಟು. ಈ ಜಡತೆಯು ದೋಷವೋ ಅಲ್ಲವೋ ಎಂಬುದು ಓಟಗಾರರೊಬ್ಬರ ಪ್ರಶ್ನೆಯಲ್ಲ. ದುಡಿಮೆಯನ್ನೇ ಧರ್ಮವೆಂದು ನಂಬಿದ ಪ್ರತಿಯೊಬ್ಬರ ಪ್ರಶ್ನೆಯೂ ಅಹುದು.

ವ್ಯಾಯಾಮವು ಬಲವನ್ನು ಕೊಡುತ್ತದೆಂಬುದು ಅರ್ಧಸತ್ಯವು. ದೀರ್ಘವಾದ ಓಟವು ಸ್ನಾಯುತಂತುಗಳನ್ನು ಸೂಕ್ಷ್ಮವಾಗಿ ಗಾಯಗೊಳಿಸುತ್ತದೆ. ಅವುಗಳಲ್ಲಿರುವ ಗ್ಲೈಕೋಜನ್ ಎಂಬ ಶರ್ಕರಾದ್ರವ್ಯವನ್ನು ವ್ಯಯಮಾಡುತ್ತದೆ. ಗಾಯವು ಮಾಯುವುದೂ ಬರಿದಾದ ಭಂಡಾರವು ತುಂಬುವುದೂ ವಿಶ್ರಾಂತಿಯಲ್ಲಿ. ಆ ದ್ರವ್ಯದ ಒಂದು ಪಾಲಿನೊಡನೆ ಸುಮಾರು ಮೂರು ಪಾಲು ನೀರೂ ಸೇರಿ ನಿಲ್ಲುವುದರಿಂದ ಮೈ ತುಸು ಭಾರವಾಗುವುದು ಸಹಜವೇ. ತುಂಬುತ್ತಿರುವ ಕಣಜವು ಭಾರವಾಗದಿರುವುದೆ? ವಾಗ್ಭಟನೂ ಅಷ್ಟಾಂಗಹೃದಯದಲ್ಲಿ, ಬಲಶಾಲಿಯಾದವನು ಕೂಡ ಶೀತಕಾಲದಲ್ಲಿಯೂ ವಸಂತದಲ್ಲಿಯೂ ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮಮಾಡಬೇಕೆಂದೂ, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆಯೆಂದೂ ವಿಧಿಸಿದ್ದಾನೆ.

ಚೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕನು ಅತಿಕಠಿನವಾದ ಅಭ್ಯಾಸಕ್ಕೆ ಪ್ರಸಿದ್ಧನು. 1950ರಲ್ಲಿ ಬ್ರಸೆಲ್ಸಿನ ಯುರೋಪು ಸ್ಪರ್ಧೆಗೆ ಮುಂಚೆ ಅವನು ಕಾಯಿಲೆಬಿದ್ದು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಎದ್ದುಬಂದವನು 5,000 ಮತ್ತು 10,000 ಮೀಟರ್ ಓಟಗಳೆರಡನ್ನೂ ಗೆದ್ದನು. ಒಂದು ದೃಷ್ಟಾಂತದಿಂದ ಸಿದ್ಧಾಂತವಾಗದು, ನಿಜ. ಆದರೂ ಬಲಾತ್ಕಾರದಿಂದ ಬಂದ ವಿಶ್ರಾಂತಿಯು ಅವನ ಬಲವನ್ನು ಅಪಹರಿಸಲಿಲ್ಲವೆಂಬುದಷ್ಟು ಸ್ಪಷ್ಟವು.

ಹಾಗಾದರೆ ಓಟಗಾರನು ಎಡವುವುದೆಲ್ಲಿ? ಮೈ ಭಾರವಾಗಿದೆಯೆಂಬುದು ಅವನ ಪ್ರತ್ಯಕ್ಷವು; ಬಲವು ನಷ್ಟವಾಯಿತೆಂಬುದು ಅವನ ಅನುಮಾನವು. ಮಂಜನ್ನು ಹೊಗೆಯೆಂದು ತಿಳಿದು ಬೆಟ್ಟದಲ್ಲಿ ಬೆಂಕಿಯಿದೆಯೆನ್ನುವವನ ಕಣ್ಣು ಸುಳ್ಳಾಡಲಿಲ್ಲ. ಅವನ ತರ್ಕವು ತಪ್ಪಿತು.

ಇಲ್ಲಿ ಒಂದು ಆಕ್ಷೇಪವುಂಟು: ಹೀಗೆಂದರೆ ಪ್ರತಿಯೊಬ್ಬ ಸೋಮಾರಿಯೂ ತನ್ನ ನಿದ್ರೆಗೆ ವಿಶ್ರಾಂತಿಯೆಂಬ ಹೆಸರನ್ನಿಡಲಾರನೆ? ಇಡಬಹುದು. ಆದರೆ ವಿಶ್ರಾಂತಿಗೆ ಹಿಂದೆ ದುಡಿಮೆಯುಂಟು, ಮುಂದೆ ಗುರಿಯುಂಟು, ನಡುವೆ ಗೊತ್ತುಮಾಡಿದ ಅವಧಿಯುಂಟು. ಆಲಸ್ಯಕ್ಕೆ ಈ ಮೂರೂ ಇಲ್ಲ. ಅವಧಿಯು ಮುಗಿದರೂ ಜಡತೆಯು ಹೋಗದಿದ್ದರೆ ಅದು ಅತಿಶ್ರಮದ ಅಥವಾ ರೋಗದ ಚಿಹ್ನೆಯಾಗಿರಬಹುದು. ಆಗ ಬೇಕಾದುದು ವೈದ್ಯನೇ ಹೊರತು ಬೈಗುಳವಲ್ಲ. ಇನ್ನು, ಕದ್ದು ಓಡುವವನು ಉದ್ಯೋಗಶೀಲನೆಂದು ತೋರಿದರೂ ಅವನನ್ನು ಓಡಿಸುವುದು ಭಯವು. ಸುಮ್ಮನಿರಬೇಕಾದಾಗ ಸುಮ್ಮನಿರುವುದಕ್ಕೂ ಸಂಯಮವು ಬೇಕು. ಅದನ್ನೂ ತಪಸ್ಸೆಂದೇ ಎಣಿಸತಕ್ಕದ್ದು.

ಇದನ್ನು ನಾನು ತಡವಾಗಿ ಕಲಿತೆನು. ಉಪಾಧ್ಯಾಯನಾಗಿದ್ದಾಗ ಒಂದು ದಿನ ಹುಡುಗನೊಬ್ಬನು ಮೇಜಿನಮೇಲೆ ತಲೆಯಿಟ್ಟು ಮಲಗಿದ್ದನು. ಸೋಮಾರಿಯೆಂದು ಜರೆದು ಅವನನ್ನು ಗಂಟೆ ಬಾರಿಸುವವರೆಗೆ ಬೆಂಚಿನಮೇಲೆ ನಿಲ್ಲಿಸಿದೆನು. ಹಿಂದಿನ ದಿನ ಅವನು ಶಾಲೆಯ ಪರವಾಗಿ ದೂರದ ಓಟವನ್ನು ಓಡಿ ಬಂದಿದ್ದನೆಂಬುದು ಸಂಜೆ ತಿಳಿಯಿತು. ಆತನು ನನಗೆ ಎದುರಾಡಿರಲಿಲ್ಲ. ಮರುವರ್ಷ ಓಟಕ್ಕೆ ಹೆಸರನ್ನು ಕೊಡಲೂ ಇಲ್ಲ.

ಮನೆಗಳಲ್ಲಿ ಮಕ್ಕಳನ್ನೂ, ದುಡಿದು ಬಂದ ಸೊಸೆಯನ್ನೂ, ಕೆಲಸದಾಳನ್ನೂ ನಾವು ಹೀಗೆಯೇ ಅಳೆಯುತ್ತೇವೆ. ಮಲಗಿದವನನ್ನು ಎಬ್ಬಿಸುವ ಮೊದಲು, ನಿನ್ನೆ ಅವನು ಏನು ಮಾಡಿದನೆಂದು ಕೇಳುವುದು ಯುಕ್ತವು. ಆ ದಿನ ನಾನು ಕೇಳಲಿಲ್ಲ.