ಕರ್ತನು ಬೇಡವೆಂದ ಪಾನವೂ ನಮ್ಮ ನೋವಿನ ಮಾತ್ರೆಯೂ

ಓದತಕ್ಕ ವೇದಭಾಗಗಳು: ಮಾರ್ಕ 15:22–37, ಲೂಕ 10:30–37



ನಮ್ಮ ಕರ್ತನನ್ನು ಶಿಲುಬೆಗೆ ಹಾಕುವದಕ್ಕೆ ಮುಂಚೆ, ನೋವನ್ನು ಮಂಕುಮಾಡುವ ರಕ್ತಬೋಳದ ಪಾನವನ್ನು ಆತನ ಮುಂದೆ ಒಡ್ಡಿದರೆಂದೂ ಆತನು ಅದನ್ನು ಬೇಡವೆಂದನೆಂದೂ ಮಾರ್ಕನು ತಿಳಿಸುತ್ತಾನೆ. ಈ ಮಾತನ್ನು ಹಿಡಿದು, ವಿಶ್ವಾಸಿಯಾದವನು ನೋವಿಗೆ ಮದ್ದು ಕೇಳಬಾರದು, ಸಹಿಸುವದೇ ಭಕ್ತಿಯ ಗುರುತು ಎಂದು ಹೇಳುವವರು ನಮ್ಮ ಸಭೆಗಳಲ್ಲಿ ಇದ್ದಾರೆ. ಅದೇ ಸಭೆಗಳಲ್ಲಿ ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು ಮಾತ್ರೆ ನುಂಗದೆ ಕೆಲಸಕ್ಕೆ ಹೊರಡಲಾರದವರೂ ಇದ್ದಾರೆ. ಈ ಇಬ್ಬರಿಗೂ ಬೇಕಾದ ಬುದ್ಧಿವಾದವನ್ನು ನಾವು ಈ ವೇದಭಾಗದಲ್ಲೇ ಹುಡುಕೋಣ.

ಮೊದಲನೆಯದಾಗಿ, ಕರ್ತನು ಆ ಪಾನವನ್ನು ಬೇಡವೆಂದದ್ದು ಏಕೆ? ಮುಂದಿನ ಕೆಲವು ತಾಸುಗಳಲ್ಲಿ ಆತನು ವೈರಿಗಳಿಗಾಗಿ ಪ್ರಾರ್ಥಿಸಬೇಕಾಗಿತ್ತು. ತಾಯಿಯನ್ನು ಶಿಷ್ಯನ ವಶಕ್ಕೆ ಒಪ್ಪಿಸಬೇಕಾಗಿತ್ತು. ಪಕ್ಕದಲ್ಲಿ ಸಾಯುತ್ತಿದ್ದ ಕಳ್ಳನಿಗೆ ಉತ್ತರ ಕೊಡಬೇಕಾಗಿತ್ತು. ಆ ಕೆಲಸಕ್ಕಾಗಿ ಆತನು ಎಚ್ಚರವಾಗಿದ್ದನೆಂದು ನಾವು ಗ್ರಹಿಸಬಹುದು. ಆದರೆ ಆತನೇ ಗೆತ್ಸೇಮನೆಯಲ್ಲಿ, ಸಾಧ್ಯವಾದರೆ ಈ ಸಂಕಟವು ತಪ್ಪಲಿ ಎಂದು ತಂದೆಯನ್ನು ಬೇಡಿಕೊಂಡನು. ಕಡೆಯಲ್ಲಿ ಬಾಯಾರಿದಾಗ, ಕೊಟ್ಟ ಹುಳಿರಸವನ್ನು ತೆಗೆದುಕೊಂಡನು. ಆದುದರಿಂದ ಉಪಶಮನವನ್ನು ಬಯಸುವದು ಅವಿಶ್ವಾಸವಲ್ಲ. ನಾಲ್ಕು ಸುವಾರ್ತೆಗಳನ್ನು ಹುಡುಕಿ ನೋಡಿರಿ; ತನ್ನ ಬಳಿಗೆ ಬಂದ ಯಾವ ರೋಗಿಗಾದರೂ, ಹೋಗಿ ಸಹಿಸಿಕೋ ಎಂದು ಆತನು ಹೇಳಿದ್ದುಂಟೇ? ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದ ಸಮಾರ್ಯದವನನ್ನು ಆತನು ನಮಗೆ ಮಾದರಿಯಾಗಿಟ್ಟನು. ಆತನು ಆ ಪಾನವನ್ನು ತನಗೆ ಬೇಡವೆಂದನೇ ಹೊರತು ಮತ್ತೊಬ್ಬನ ಬಾಯಿಂದ ಕಿತ್ತುಕೊಳ್ಳಲಿಲ್ಲ.

ಇದನ್ನು ನಾವು ಒತ್ತಿ ಹೇಳುವದಕ್ಕೆ ಕಾರಣವುಂಟು. ಅರ್ಬುದರೋಗವು ಎಲುಬಿಗೆ ಇಳಿದಾಗ ರಾತ್ರಿಯೆಲ್ಲಾ ನರಳುವ ತಾಯಿಗೆ ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರೆ, ಅದು ಅಫೀಮಿನಿಂದ ಬಂದದ್ದು, ಚಟ ಹತ್ತೀತು ಎಂದು ಮಗನೇ ಅದನ್ನು ಮುಚ್ಚಿಡುವದುಂಟು. ಪ್ರಿಯರೇ, ಸಾಯುವ ತಾಯಿಗೆ ಚಟದ ಭಯವೇ? ವೈದ್ಯರ ಅಳತೆಯಂತೆ ಹೊತ್ತುಹೊತ್ತಿಗೆ ಕೊಟ್ಟರೆ ಅವಳು ನಿದ್ರಿಸುವಳು, ಮನೆಯವರೊಡನೆ ಮಾತಾಡುವಳು, ಪ್ರಾರ್ಥನೆಯಲ್ಲಿ ಕೂಡುವಳು. ಮಲಬದ್ಧತೆಯು ಈ ಮದ್ದಿನೊಂದಿಗೆ ಬರುವ ಸಾಮಾನ್ಯ ತೊಂದರೆ. ಅದಕ್ಕೂ ಔಷಧವನ್ನು ಜೊತೆಯಲ್ಲೇ ಕೇಳಿ ಪಡೆಯತಕ್ಕದ್ದು. ಅರ್ಬುದದ ನೋವಿಗೆ ಮೆಟ್ಟಲುಮೆಟ್ಟಲಾಗಿ ಮದ್ದು ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲೇ ಪ್ರಕಟಿಸಿತು.

ಗಸಗಸೆಯ ಗಿಡವನ್ನು ಸರ್ಕಾರದ ಅಪ್ಪಣೆಯಿಂದ ಬೆಳೆಯುವ ದೇಶ ನಮ್ಮದು. ಹೀಗಿದ್ದರೂ ಮಾದಕದ್ರವ್ಯಗಳನ್ನು ತಡೆಯುವದಕ್ಕಾಗಿ 1985ರಲ್ಲಿ ಮಾಡಿದ ಕಾಯಿದೆಯಿಂದ ಪರವಾನಗಿಗಳು ಹೆಚ್ಚಿ, ಅನೇಕ ಆಸ್ಪತ್ರೆಗಳು ಮಾರ್ಫಿನ್ ಇಡುವದನ್ನೇ ಬಿಟ್ಟವು. ಕಳ್ಳನಿಗೆ ಹಾಕಿದ ಬೀಗವು ರೋಗಿಯನ್ನೂ ಹೊರಗೆ ನಿಲ್ಲಿಸಿತು. 2014ರಲ್ಲಿ ಆ ಕಾಯಿದೆಯನ್ನು ತಿದ್ದಿ, ಅಂಗೀಕೃತ ಆಸ್ಪತ್ರೆಗಳಿಗೆ ದಾರಿಯನ್ನು ಸುಲಭ ಮಾಡಿದರು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯೂ, ಗುಣವಾಗದ ಅರ್ಬುದರೋಗಿಗಳನ್ನು ಹಣ ಕೇಳದೆ ಆರೈಕೆ ಮಾಡುವ ಕರುಣಾಶ್ರಯವೂ ಇವೆ. ಇಂಥ ರೋಗಿಯು ನಿಮ್ಮ ಮನೆಯಲ್ಲಿದ್ದರೆ ಹಾಸನದ ದೊಡ್ಡಾಸ್ಪತ್ರೆಯಲ್ಲಿ ನೋವಿನ ಮಾತನ್ನು ನಾಚದೆ ಎತ್ತಿರಿ.

ಎರಡನೆಯದಾಗಿ, ಮಾತ್ರೆಯನ್ನು ಅಳತೆಯಿಲ್ಲದೆ ನುಂಗುವವರ ವಿಷಯ. ಅರೇಹಳ್ಳಿಯ ಸುತ್ತಣ ಕಾಫಿ ತೋಟಗಳಲ್ಲಿ ದುಡಿಯುವವರ ಮೈನೋವು ಸುಳ್ಳಲ್ಲ. ಇಳಿಜಾರಿನಲ್ಲಿ ದಿನವಿಡೀ ನಿಂತು ಹಣ್ಣು ಬಿಡಿಸಿ ಮೂಟೆ ಹೊರುವವರಿಗೆ ಸೊಂಟವು ನೋಯದೆ ಇರುವದೆಂತು? ಮರಗಸಿಗೆ ಹತ್ತುವವನಿಗೂ ಏಣಿಯ ಮೇಲೆ ನಿಂತು ಮೆಣಸು ಕೊಯ್ಯುವವನಿಗೂ ಭುಜವು ಸೆಳೆಯದೆ ಇರುವದೆಂತು? ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು. ಆದುದರಿಂದ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಕ್ಕಿದ ಮಾತ್ರೆಯೇ ಅವರಿಗೆ ಊರುಗೋಲು.

ಆದರೆ ಆ ಊರುಗೋಲು ಒಳಗಿಂದ ಇರಿಯುವದನ್ನು ತಿಳಿಯಿರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದವು ನೋವನ್ನು ಹುಟ್ಟಿಸುವ ರಸವನ್ನು ತಡೆಯುತ್ತವೆ. ಹೊಟ್ಟೆಯ ಒಳಪೊರೆಯನ್ನು ಕಾಯುವದೂ ಮೂತ್ರಪಿಂಡಕ್ಕೆ ರಕ್ತವು ಸಲೀಸಾಗಿ ಹರಿಯುವಂತೆ ಮಾಡುವದೂ ಅದೇ ಬಗೆಯ ರಸವೇ. ಬರಿಹೊಟ್ಟೆಯಲ್ಲಿ, ನೀರು ಕುಡಿಯದೆ, ಬಿಸಿಲಲ್ಲಿ ಬೆವರುತ್ತಾ ತಿಂಗಳುಗಟ್ಟಲೆ ಇವುಗಳನ್ನು ನುಂಗಿದವನಿಗೆ ಹೊಟ್ಟೆಯಲ್ಲಿ ಹುಣ್ಣಾಗಿ ಮಲವು ಕಪ್ಪಗಾಗಬಹುದು; ಮೂತ್ರಪಿಂಡವು ಸದ್ದಿಲ್ಲದೆ ಕೆಡಬಹುದು. ಪ್ಯಾರಾಸಿಟಮಾಲ್ ಸಹ, ಆರೋಗ್ಯವಂತನಾದ ದೊಡ್ಡವನಿಗೆ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಮಿನ 8 ಮಾತ್ರೆ ಮೀರಬಾರದು. ಸಾರಾಯಿ ಕುಡಿಯುವವನಿಗೆ ಅಷ್ಟೂ ಸಲ್ಲದು, ಅದು ಯಕೃತ್ತನ್ನು ಕೆಡಿಸುವದು. ನೆಗಡಿಯ ಮಾತ್ರೆಗಳಲ್ಲಿಯೂ ಅದೇ ಮದ್ದು ಸೇರಿರುವದರಿಂದ ಲೆಕ್ಕ ತಪ್ಪುವದು ಸುಲಭ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಮಾತ್ರೆಯನ್ನು ಮುಟ್ಟಲೇಬೇಡಿರಿ.

ಇದಕ್ಕಿಂತಲೂ ಹೆಚ್ಚಿನ ದುಃಖ ಒಂದುಂಟು. ಟ್ರಮಡಾಲ್ ಎಂಬ ನೋವಿನ ಮದ್ದನ್ನು ಕೆಲವರು ಅಮಲಿಗಾಗಿ ನುಂಗಲಾರಂಭಿಸಿದ್ದರಿಂದ ಸರ್ಕಾರವು 2018ರಲ್ಲಿ ಅದನ್ನು 1985ರ ಆ ಕಾಯಿದೆಗೆ ಒಳಪಡಿಸಿತು. ಒಂದರಿಂದ ತಣಿದ ದೇಹವು ಎರಡನ್ನು ಕೇಳುವದು, ಎರಡರಿಂದ ನಾಲ್ಕನ್ನು. ಮಿತಿ ಮೀರಿದರೆ ಸೆಳವು ಬರುವದು, ಉಸಿರು ನಿಧಾನವಾಗಿ ಪ್ರಾಣವೇ ಹೋಗಬಹುದು. ಹೀಗೆ ಸಿಕ್ಕಿಬಿದ್ದವನು ಒಮ್ಮೆಗೇ ನಿಲ್ಲಿಸಿದರೂ ಮೈ ನಡುಗಿ ಬಾಧೆಪಡುವನು. ಆದುದರಿಂದ ವೈದ್ಯರ ಕೈಯಲ್ಲಿ ಮೆಲ್ಲಮೆಲ್ಲನೆ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ವಿಭಾಗವುಂಟು; 14446 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಣವಿಲ್ಲದೆ ಸಲಹೆ ದೊರಕುವದು.

ಹಾಗಾದರೆ ಒಂದೇ ಮಾತ್ರೆಯು ಒಬ್ಬನಿಗೆ ಕರುಣೆಯೂ ಮತ್ತೊಬ್ಬನಿಗೆ ಬಲೆಯೂ ಆಗುವದನ್ನು ತಿಳಿಯುವದು ಹೇಗೆ? ನಾವು ನಮ್ಮನ್ನೇ ಮೂರು ಮಾತು ಕೇಳಿಕೊಳ್ಳೋಣ. ಇದರ ಅಳತೆಯನ್ನು ಗೊತ್ತುಮಾಡಿದವರು ಯಾರು, ವೈದ್ಯರೋ ನಮ್ಮ ಆಶೆಯೋ? ಇದನ್ನು ಮನೆಯವರ ಎದುರಿಗೆ ನುಂಗುತ್ತೇವೋ ಮರೆಮಾಡಿ ನುಂಗುತ್ತೇವೋ? ಇದನ್ನು ತೆಗೆದುಕೊಂಡ ಮೇಲೆ ಹೆಂಡತಿ ಮಕ್ಕಳ ಹತ್ತಿರಕ್ಕೆ ಬರುತ್ತೇವೋ ಅವರಿಂದ ದೂರ ಹೋಗುತ್ತೇವೋ? ಮಾರ್ಫಿನ್ ತೆಗೆದುಕೊಂಡ ಆ ತಾಯಿಯು ಮನೆಯವರ ಹತ್ತಿರಕ್ಕೆ ಬಂದಳು. ಅಮಲಿಗಾಗಿ ನುಂಗುವವನು ಒಂದೇ ಸೂರಿನ ಕೆಳಗಿದ್ದರೂ ದೂರದವನಾದನು.

ಸಭೆಯವರೇ, ಈ ಬಲೆಯಲ್ಲಿ ಬಿದ್ದವನನ್ನು ಬೈದು ಹೊರಗಟ್ಟುವದು ಸುಲಭ. ಸಮಾರ್ಯದವನು ಬಿದ್ದವನನ್ನು, ನೀನು ಆ ದಾರಿಯಲ್ಲಿ ಏಕೆ ಬಂದೆ ಎಂದು ಕೇಳಲಿಲ್ಲ. ಎತ್ತಿ ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆದುಕೊಂಡು ಹೋದನು. ನಾವೂ ಅವನ ಸಂಗಡ ಬಸ್ಸು ಹತ್ತಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲೋಣ. ಸೊಂಟ ನೋಯುವ ಅಕ್ಕನ ಮೂಟೆಗೆ ಕೈಕೊಡೋಣ. ತೋಟ ನಡೆಸುವವರೂ ರೈಟರೂ ನಮ್ಮೊಳಗಿದ್ದರೆ, ನೋಯುವವಳಿಗೆ ಎರಡು ದಿನ ಹಗುರವಾದ ಕೆಲಸ ಕೊಡಲಿ. ಅನೇಕ ಮಾತ್ರೆಗಳ ಕೆಲಸವನ್ನು ಅದೊಂದೇ ಮಾಡುವದು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಡಿರಿ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಕೊಡಬೇಡಿರಿ.

ನೋವನ್ನು ತಿಳಿದ ಕರ್ತನು ನಮ್ಮ ರೋಗಿಗಳಿಗೆ ಉಪಶಮನವನ್ನೂ, ಬಂಧಿಸಲ್ಪಟ್ಟವರಿಗೆ ಬಿಡುಗಡೆಯನ್ನೂ, ಅವರ ಬಳಿಯಲ್ಲಿ ಕೂರುವ ತಾಳ್ಮೆಯನ್ನು ನಮಗೂ ದಯಪಾಲಿಸಲಿ. ಆಮೆನ್.